ಬೋಗುಣಿಯ ಮುಂದೆ ಒಬ್ಬ ಅಣ್ಣ

ಹಲ್ಲನ್ನು ಬೆಳಿಗ್ಗೆ ಉಜ್ಜಬೇಕೋ ಮಲಗುವ ಮುಂಚೆ ಉಜ್ಜಬೇಕೋ ಎಂಬ ವಿಷಯದಲ್ಲಿ ಕಿತಿಯೋನೆಯ ಅಭಿಪ್ರಾಯ ಏನೆಂದು ನಮ್ಮ ದ್ವೀಪದಲ್ಲಿ ಎಲ್ಲರಿಗೂ ಗೊತ್ತು. ಅವನಿಗೆ ಮುಂದಿನ ಹಲ್ಲುಗಳಿಲ್ಲ ಎಂಬುದೂ ಎಲ್ಲರಿಗೂ ಗೊತ್ತು. ಎರಡನ್ನೂ ಒಟ್ಟಿಗೆ ನೆನಪಿಸುವಷ್ಟು ಒರಟುತನ ಮಾತ್ರ ಯಾರಲ್ಲೂ ಇರಲಿಲ್ಲ.

ಬಂದರಿನಲ್ಲಿ ಅವನಿಗೆ ಕೆಲಸ. ರಾಜಧಾನಿ ನುಕುಅಲೋಫಾದಿಂದ ಹಡಗು ಯಾವಾಗ ಬರುತ್ತದೆಂದು ಕೇಳಿದವರಿಗೆ ಹೇಳಬೇಕು. ಹಡಗು ಅವನು ಹೇಳಿದ ಹೊತ್ತಿಗೆ ಬಂದದ್ದನ್ನು ನಾನಂತೂ ಕಂಡಿಲ್ಲ. ಅದರಿಂದ ಅವನಿಗೆ ಹಡಗಿನ ಮೇಲಿನ ಅಭಿಪ್ರಾಯ ಕೆಟ್ಟಿತೇ ಹೊರತು ತನ್ನ ಮೇಲಿನದ್ದಲ್ಲ. ಹೆಂಡತಿ ತೀರಿಕೊಂಡ ಮೇಲೆ ಮನೆಯಲ್ಲಿ ಕೇಳುವವರಿಲ್ಲದೆ, ಅವನಲ್ಲಿ ಕೂಡಿಟ್ಟ ಅಭಿಪ್ರಾಯಗಳೆಲ್ಲ ಶುಕ್ರವಾರ ಸಂಜೆ ಗಂಡಸರು ಸೇರಿ ಕಾವಾ ಕುಡಿಯುವ ಕೂಟದಲ್ಲಿ ಹೊರಗೆ ಬರುತ್ತಿದ್ದವು. ಯಾರು ಅಂಗಿಯ ಗುಂಡಿಯನ್ನು ಕೆಳಗಿನಿಂದ ಹಾಕುತ್ತಾರೆ, ಯಾರು ಉಪದೇಶದ ಹೊತ್ತಿನಲ್ಲಿ ಕಣ್ಣು ಮುಚ್ಚಿ ಧ್ಯಾನದ ಹೆಸರಿನಲ್ಲಿ ಗೊರಕೆ ಹೊಡೆಯುತ್ತಾರೆ, ಯಾರ ಮನೆಯಲ್ಲಿ ಗಂಡನೇ ಹೆಂಡತಿಯ ಒಳಬಟ್ಟೆ ಒಣಹಾಕುತ್ತಾನೆ, ಹಾಗೆ ಒಣಹಾಕುವಾಗ ಬೇಲಿಯಾಚೆ ನೋಡುತ್ತಾನೋ ಇಲ್ಲವೋ ಎಂಬುದೆಲ್ಲ ಅವನಿಗೆ ಬೇಕು. ಗಂಡಸರು ತೊಡೆ ತಟ್ಟಿ ನಗುತ್ತಿದ್ದರು. ಅವರವರ ಸರದಿ ಬಂದಾಗ ನಗು ಕೊಂಚ ಸಣ್ಣದಾಗುತ್ತಿತ್ತು.

ಕೂಟ ನಡೆಯುವುದು ಚರ್ಚಿನ ಹಿಂದಿನ ತಗಡಿನ ಮನೆಯಲ್ಲಿ. ಗಂಡಸರು ಸುತ್ತಲೂ ಚಾಪೆಯ ಮೇಲೆ ಚಕ್ಕಂಬಕ್ಕಳ ಹಾಕಿ ಕೂರುತ್ತಾರೆ. ತುದಿಯಲ್ಲಿ ಮರದ ಬೋಗುಣಿ. ಬೋಗುಣಿಯ ಹಿಂದೆ ನಾನು, ಮೆಲೆನೈಟೆ. ಮಂಪರು ತರಿಸುವ ಕಾವಾ ಬೇರಿನ ಪುಡಿಯನ್ನು ನೀರಿನಲ್ಲಿ ಕಲಸಿ, ಸೋಸಿ, ಕರಟದಲ್ಲಿ ತುಂಬಿಸಿ ಕೊಡುವವಳು ಮದುವೆಯಾಗದ ಹೆಣ್ಣಾಗಿರಬೇಕು. ಅವಳು ಮಾತನಾಡಬಾರದೆಂದು ಯಾರೂ ಹೇಳಿಲ್ಲ. ಮಾತನಾಡಲು ಯಾರೂ ಬಿಡುವುದೂ ಇಲ್ಲ. ಅವಳನ್ನು ಹೊಗಳುತ್ತಾರೆ, ಛೇಡಿಸುತ್ತಾರೆ, ಅವಳ ಪಕ್ಕ ಕೂತವನಿಗೂ ಅವಳಿಗೂ ಅಲ್ಲಿಯೇ ಮದುವೆ ಮಾಡಿಸಿ ಮಕ್ಕಳಿಗೆ ಹೆಸರನ್ನೂ ಇಡುತ್ತಾರೆ. ಅವಳು ತಲೆ ತಗ್ಗಿಸಿ ನಕ್ಕು ಇನ್ನೊಂದು ಕರಟ ತುಂಬಿಸಬೇಕು.

ನನಗೆ ಅದು ಕಷ್ಟವೆನಿಸಲಿಲ್ಲ. ಕೇಳುವುದರಲ್ಲಿಯೇ ಬೆಳೆದವಳು ನಾನು. ಅಪ್ಪ ನಸುಕಿನಲ್ಲಿ ದೇವರ ವಚನಗಳನ್ನು ರಾಗವಾಗಿ ಹೇಳುತ್ತಿದ್ದ; ನಾವು ಮಕ್ಕಳು ಕಣ್ಣು ಉಜ್ಜಿಕೊಳ್ಳುತ್ತಾ ಹಿಂದಿನಿಂದ ಹೇಳುತ್ತಿದ್ದೆವು. ಮೇ ತಿಂಗಳ ಮಕ್ಕಳ ಭಾನುವಾರ ಬಂದರೆ ಊರಿನ ಮಕ್ಕಳೆಲ್ಲ ಬಿಳಿಬಟ್ಟೆ ಉಟ್ಟು ಚರ್ಚಿನಲ್ಲಿ ಎದ್ದು ನಿಂತು ವಚನ ಒಪ್ಪಿಸಬೇಕು. ಮಿಕ್ಕ ಹುಡುಗಿಯರಿಗೆ ಕುರಿಮರಿಯದ್ದು, ಹೂವಿನದ್ದು ಸಿಗುತ್ತಿತ್ತು. ನನಗೆ ನೆನಪಿನ ಶಕ್ತಿ ಚೆನ್ನಾಗಿದೆಯೆಂದು ಪಾದ್ರಿ ಆರಿಸಿ ಕೊಡುತ್ತಿದ್ದುದು ಯಾರಿಗೆ ಯಾರು ಹುಟ್ಟಿದರು ಎಂಬ ಹೆಸರುಗಳ ಸಾಲು. ಒಂದು ಹೆಸರು ತಪ್ಪಿದರೆ ಇಡೀ ವಂಶವೇ ದಾರಿ ತಪ್ಪುತ್ತದೆ ಎಂದು ಅಪ್ಪ ಹೆದರಿಸುತ್ತಿದ್ದ. ಆ ಸಾಲು ಈಗಲೂ ಬಟ್ಟೆ ಒಗೆಯುವಾಗ ತಾನಾಗಿ ಬಾಯಿಗೆ ಬರುತ್ತದೆ.

ಕಾವಾ ಕೂಟಕ್ಕೂ ಒಂದು ವಂಶದ ಕಟ್ಟುನಿಟ್ಟು ಉಂಟು. ಕಲಸುವ ಹೆಣ್ಣಿಗೆ ಅಣ್ಣನೋ ತಮ್ಮನೋ ಆಗುವ ಗಂಡಸು ಅಲ್ಲಿ ಕೂರುವಂತಿಲ್ಲ. ದೊಡ್ಡಪ್ಪನ ಮಗ, ಚಿಕ್ಕಮ್ಮನ ಮಗ, ಅಜ್ಜಿಯ ತಂಗಿಯ ಮೊಮ್ಮಗ, ಎಲ್ಲರೂ ನಮ್ಮಲ್ಲಿ ಒಡಹುಟ್ಟಿದವರೇ. ಹತ್ತಿರ, ದೂರ ಎಂಬ ಲೆಕ್ಕ ಇಲ್ಲ. ಅಣ್ಣ ತಂಗಿ ಇಬ್ಬರೂ ಇರುವ ಕಡೆ ಪೋಲಿ ಮಾತು ಆಡಬಾರದು. ಪೋಲಿ ಮಾತಿಲ್ಲದ ಕಾವಾ ಕೂಟಕ್ಕೆ ಯಾರೂ ಬರುವುದಿಲ್ಲ. ಹಾಗಾಗಿ ಸಂಬಂಧ ಕಿವಿಗೆ ಬಿದ್ದ ಕ್ಷಣವೇ ಅಣ್ಣನಾದವನು ಎದ್ದು ಹೋಗುತ್ತಾನೆ. ಹೌದೇ ಎಂದು ವಿಚಾರಿಸುವುದಿಲ್ಲ, ಸಾಕ್ಷಿ ಕೇಳುವುದಿಲ್ಲ. ತಂಗಿಯ ವಿಷಯದಲ್ಲಿ ಸಾಕ್ಷಿ ಕೇಳಿದವನು ಎಂಥವನು ಎಂದು ಊರು ಆಮೇಲೆ ಮಾತನಾಡಿಕೊಳ್ಳುತ್ತದೆ.

ಬಾಗಿಲ ಬಳಿ ಕೂರುತ್ತಿದ್ದವನು ಸೆಮಿಸಿ. ದೋಣಿ ರಿಪೇರಿ ಮಾಡುವವನು. ಅವನ ತಾಯಿಯೂ ಕಿತಿಯೋನೆಯ ತಾಯಿಯೂ ಸ್ವಂತ ಅಕ್ಕತಂಗಿಯರು. ಇಬ್ಬರಲ್ಲಿ ಒಬ್ಬನಿಗೇ ಮಾತೆಲ್ಲ ಹೋಗಿ ಇನ್ನೊಬ್ಬನಿಗೆ ಏನೂ ಉಳಿಯಲಿಲ್ಲ ಎಂದು ಜನ ಹೇಳುತ್ತಿದ್ದರು. ಸೆಮಿಸಿ ಕರಟವನ್ನು ಎರಡೂ ಕೈಯಲ್ಲಿ ಹಿಡಿದು ಕುಡಿಯುತ್ತಿದ್ದ, ಅಂಚನ್ನು ಒರೆಸಿ ಹಿಂದಿರುಗಿಸುತ್ತಿದ್ದ. ಕೂಟದಲ್ಲಿ ಬೇರೆ ಯಾರೂ ಒರೆಸಿದವರಲ್ಲ. ಅಷ್ಟರಿಂದಲೇ ಒಬ್ಬ ಗಂಡಸನ್ನು ಇಷ್ಟಪಡಬಹುದೇ ಎಂದು ಕೇಳಬೇಡಿ. ವಾರಕ್ಕೊಮ್ಮೆ ಹತ್ತಾರು ಗಂಡಸರ ಎಂಜಲು ಕರಟ ತೊಳೆದು ನೋಡಿ, ಆಮೇಲೆ ಕೇಳಿ.

ಅವನು ಪೆನಿ ತಾತನ ಬಳಿ ಹೋಗಿ, ನಮ್ಮ ಮನೆಗೆ ಬಂದು ತನಗೆ ನನ್ನನ್ನು ಹೆಣ್ಣು ಕೇಳಬೇಕೆಂದು ಬೇಡಿಕೊಂಡಿದ್ದ. ಕೂಟದ ಯಜಮಾನ ಪೆನಿ ತಾತ. ಅವನ ಮಾತಿಗೆ ಬೆಲೆ ಇತ್ತು. ಹೆಗ್ಗೆಣಸಿನ ಕಟಾವು ಮುಗಿದ ಮೇಲೆ ಬರುತ್ತೇನೆಂದು ತಾತ ಒಪ್ಪಿದ್ದ. ನನ್ನ ಲವೀನಿಯ ಅತ್ತೆ ಆಗಲೇ ಮದುವೆಯ ಚಾಪೆ ಹೆಣೆಯಲು ಕೂತಿದ್ದಳು. ಅವಳು ಅಪ್ಪನ ಅಕ್ಕ; ನಮ್ಮಲ್ಲಿ ಅತ್ತೆಯ ಮಾತಿನ ಮುಂದೆ ಅಪ್ಪನ ಮಾತೂ ನಡೆಯುವುದಿಲ್ಲ. ನಾನು ಮೂವತ್ತು ದಾಟಿದ್ದೆ. ಬೋಗುಣಿಯ ಹಿಂದೆ ಕೂತು ಕೂತು ನನ್ನ ಜೊತೆಯ ಹುಡುಗಿಯರ ಮಕ್ಕಳು ಶಾಲೆಗೆ ಹೋಗುವುದನ್ನು ನೋಡುತ್ತಿದ್ದೆ. ಆ ಗೆಣಸು ಬೇಗ ಬಲಿಯಲಿ ಎಂದು ದೇವರಲ್ಲಿ ಬೇಡಿಕೊಂಡದ್ದು ಸುಳ್ಳಲ್ಲ.

ಆ ಶುಕ್ರವಾರ ಕಿತಿಯೋನೆ ಊಟದ ವಿಷಯ ಹಿಡಿದಿದ್ದ. ಭಾನುವಾರ ನೆಲದ ಒಲೆಯಿಂದ ತೆಗೆದ, ಕೆಸುವಿನೆಲೆಯಲ್ಲಿ ಮಾಂಸ ಸುತ್ತಿದ ಲೂ ಪೊಟ್ಟಣವನ್ನು ಬಿಚ್ಚುವ ಬಗೆಯಲ್ಲೇ ಮನುಷ್ಯನ ಗುಣ ತಿಳಿಯುತ್ತದೆಯಂತೆ. ಮೊದಲು ಕೆಸುವಿನೆಲೆ ತಿನ್ನುವವನು ತಾಳ್ಮೆಯವನು, ಮೊದಲು ತೆಂಗಿನ ಹಾಲನ್ನು ಹೀರುವವನು ಹೆಂಗರುಳಿನವನು, ಮೊದಲು ಮಾಂಸ ಹುಡುಕುವವನು ಜಿಪುಣ, ಹೆಂಡತಿಗೆ ಮೋಸ ಮಾಡುವವನು, ಚರ್ಚಿನ ಕಾಣಿಕೆ ತಟ್ಟೆಯನ್ನು ಏನೂ ಹಾಕದೆ ಮುಂದೆ ದಾಟಿಸುವವನು. ಎಲ್ಲರೂ ತಮ್ಮ ತಮ್ಮ ಲೂ ಹೇಗೆ ಬಿಚ್ಚುತ್ತೇವೆಂದು ಒಳಗೊಳಗೇ ನೆನಪಿಸಿಕೊಳ್ಳುತ್ತಿದ್ದುದು ಮುಖದಲ್ಲೇ ಕಾಣುತ್ತಿತ್ತು.

ಬಾಗಿಲ ಕಡೆಯಿಂದ ಸೆಮಿಸಿ ಮೆಲ್ಲಗೆ ಹೇಳಿದ.

"ನೀನು ಯಾವುದನ್ನ ಮೊದಲು ತಿಂತೀಯ ಅಂತ ನಮಗೆ ಗೊತ್ತಣ್ಣ. ಪ್ರತಿ ಭಾನುವಾರ ನಮ್ಮನೇಲೇ ಅಲ್ವಾ ತಿನ್ನೋದು. ನಮ್ಮ ಪಾಲಿಗೆ ಬರೀ ಎಲೆ ಉಳಿಯತ್ತೆ, ಅದಕ್ಕೇ ನಾವೆಲ್ಲ ಇಷ್ಟು ತಾಳ್ಮೆಯವರು."

ಒಂದು ಕ್ಷಣ ಯಾರಿಗೂ ಅದು ಸೆಮಿಸಿಯ ದನಿ ಎಂದೇ ಹೊಳೆಯಲಿಲ್ಲ. ಆಮೇಲೆ ಬಿದ್ದ ನಗುವಿಗೆ ತಗಡು ಅದುರಿತು. ಪೆನಿ ತಾತನ ಕಣ್ಣಲ್ಲಿ ನೀರು ಬಂತು. ನಾನೂ ನಕ್ಕೆ, ತಲೆ ತಗ್ಗಿಸದೆ, ಕೈಯಲ್ಲಿದ್ದ ಕರಟ ಚೆಲ್ಲುವಂತೆ. ಕಿತಿಯೋನೆ ಎಲ್ಲರ ನಗುವನ್ನೂ ತಡೆದುಕೊಂಡ. ನನ್ನ ನಗುವನ್ನು ಅವನಿಂದ ತಡೆದುಕೊಳ್ಳಲಾಗಲಿಲ್ಲ. ನನ್ನನ್ನೇ ನೋಡುತ್ತಾ ಕುಳಿತಿದ್ದವನು, ಕರಟ ಒಂದು ಸುತ್ತು ಬಂದ ಮೇಲೆ, ಬೇರೇನೋ ನೆನಪಾದವನಂತೆ ಗಂಟಲು ಸರಿಮಾಡಿಕೊಂಡ.

"ಹೇಳ್ಬಾರದು ಅಂತಿದ್ದೆ. ಆದ್ರೆ ಪೆನಿ ತಾತ ಇವಳ ಮನೆಗೆ ಹೆಣ್ಣು ಕೇಳಕ್ಕೆ ಹೋಗಿ ಅವಮಾನ ಮಾಡ್ಕೊಂಡು ಬರೋದು ಬೇಡ. ಸೆಮಿಸಿ ಅಜ್ಜಿ, ಅಂದ್ರೆ ಅವನ ತಾಯಿಯ ತಾಯಿ, ವವಾವು ದ್ವೀಪದ ಕಡೆಯವಳು. ಮೆಲೆನೈಟೆ ತಾಯಿಯ ತಾಯಿನೂ ಅಲ್ಲಿಯವಳೇ. ಇಬ್ರೂ ಅಕ್ಕತಂಗೀರು. ನಮ್ಮಮ್ಮ ಸಾಯೋ ಮುಂಚೆ ಹೇಳಿದ್ಳು."

ಸೆಮಿಸಿ ನನ್ನ ಕಡೆ ನೋಡಲಿಲ್ಲ, ಇನ್ನು ನೋಡುವಂತಿರಲಿಲ್ಲ. ಕೈಯಲ್ಲಿದ್ದ ಕರಟವನ್ನು ಚಾಪೆಯ ಮೇಲಿಟ್ಟ. ಅಂಚನ್ನು ಒರೆಸಿಯೇ ಇಟ್ಟ. ಗೌರವದ ಉಡುಪೆಂದು ಸೊಂಟಕ್ಕೆ ಸುತ್ತಿಕೊಂಡಿದ್ದ ಚಾಪೆಯನ್ನು ಸರಿಮಾಡಿಕೊಂಡು ಎದ್ದು ಹೊರಟುಹೋದ. ಒಂದು ಮಾತಿಗೆ ನನ್ನ ಗಂಡನಾಗಬೇಕಾದವನು ನನ್ನ ಅಣ್ಣನಾಗಿ ಕತ್ತಲಿಗೆ ಇಳಿದ. ಕಿತಿಯೋನೆ ದೊಡ್ಡ ದುಃಖದಿಂದ ತಲೆಯಾಡಿಸಿ, ಸೆಮಿಸಿ ಬಿಟ್ಟಿದ್ದ ಕಾವಾವನ್ನು ತಾನೇ ಕುಡಿದ.

ಮನೆಯಲ್ಲಿ ಅತ್ತೆ ಇದನ್ನು ಕೇಳಿ, ಹೆಣೆಯುತ್ತಿದ್ದ ಚಾಪೆಯನ್ನು ಮೊಣಕಾಲಿನಿಂದ ಆಚೆ ತಳ್ಳಿದಳು. ನನ್ನ ತಾಯಿಯ ಕಡೆಯ ಸಂಬಂಧ ಅವಳಿಗೂ ತಿಳಿಯದು. ನನ್ನ ತಾಯಿ ಇಲ್ಲ, ಅಜ್ಜಿ ಇಲ್ಲ, ಸೆಮಿಸಿಯ ತಾಯಿಯೂ ಇಲ್ಲ. ವವಾವುವಿನಲ್ಲಿ ಆ ಕಾಲದವರು ಒಬ್ಬರೂ ಉಳಿದಿಲ್ಲ.

"ಕಿತಿಯೋನೆ ಹೇಳಿದ್ನಾ? ಹಾಗಾದ್ರೆ ಅರ್ಧ ಸುಳ್ಳು," ಎಂದಳು. "ಯಾವ ಅರ್ಧ ಅನ್ನೋದೇ ಕಷ್ಟ. ನಾವು ನಾಕು ಹೆಂಗಸರು ಚಾಪೆ ಹೆಣೀತಾ ಮಾತಾಡಿದ್ರೆ ಚಾಡಿ ಅಂತಾರೆ ಕಣೇ. ಅವರು ಕೂತು ಕುಡೀತಾ ಮಾತಾಡಿದ್ರೆ ಅದಕ್ಕೆ ಸಂಪ್ರದಾಯ ಅಂತ ಹೆಸರು."

ಅತ್ತೆಗೆ ಸಿಟ್ಟು ಬಂದದ್ದು ಮದುವೆ ತಪ್ಪಿದ್ದಕ್ಕೋ ಚಾಪೆ ಅರ್ಧಕ್ಕೆ ನಿಂತದ್ದಕ್ಕೋ ತಿಳಿಯಲಿಲ್ಲ. ನನಗಿದ್ದ ಭಯ ಬೇರೆ. ಮಾತು ಸುಳ್ಳಾದರೆ ಸುಮ್ಮಸುಮ್ಮನೆ ಗಂಡನನ್ನು ಕಳೆದುಕೊಂಡೆ. ನಿಜವಾದರೆ, ಗೆಣಸು ಬೇಗ ಬಲಿಯಲೆಂದು ಬೇಡಿಕೊಂಡಾಗ ಅಣ್ಣನ ಜೊತೆ ನನ್ನ ಮದುವೆ ಮಾಡಿಸೆಂದು ದೇವರನ್ನು ಕೇಳಿದ್ದೆನಲ್ಲ. ಆ ವಾರ ಚರ್ಚಿನಲ್ಲಿ ಸೆಮಿಸಿ ಗಂಡಸರ ಸಾಲಿನ ಕೊನೆಗೆ ಹೋಗಿ ಕೂತ. ನಾನು ಬರುವ ದಾರಿ ಬಿಟ್ಟು ಬೇಲಿಯ ಸಂದಿನಿಂದ ಮನೆಗೆ ಹೋದ. ಹುಟ್ಟಿನಿಂದಲೇ ಅಣ್ಣಂದಿರಾಗಿದ್ದವರೂ ಇಷ್ಟು ಅಚ್ಚುಕಟ್ಟಾಗಿ ನಡೆದುಕೊಳ್ಳುವುದಿಲ್ಲ.

ಗುರುವಾರ ಹಿತ್ತಲಲ್ಲಿ ಬಟ್ಟೆ ಒಗೆಯುತ್ತಿದ್ದೆ. ಬಾಯಿಗೆ ಆ ಹಳೆಯ ಹೆಸರುಗಳ ಸಾಲು ಬಂತು. ಇವನಿಗೆ ಇವನು, ಅವನಿಗೆ ಅವನು. ಸಾಲಿನ ನಡುವೆ ಹೇಗೋ ನಮ್ಮ ಊರಿನ ಹೆಸರುಗಳು ಸೇರಿಕೊಂಡವು. ಸೆಮಿಸಿಯನ್ನು ಹೆತ್ತವಳು, ಅವಳನ್ನು ಹೆತ್ತವಳು. ಅಲ್ಲಿಂದ ಮತ್ತೆ ಕೆಳಗಿಳಿದೆ. ಆ ಮುದುಕಿ ಹೆತ್ತದ್ದು ಒಬ್ಬಳನ್ನೇ ಅಲ್ಲ. ಅಕ್ಕನೊಬ್ಬಳು ಇದ್ದಳು, ಆ ಅಕ್ಕನ ಮಗನಿಗೆ ಮುಂದಿನ ಹಲ್ಲುಗಳಿಲ್ಲ. ಕೈಯಲ್ಲಿದ್ದ ಬಟ್ಟೆ ನೀರಿನಲ್ಲಿಯೇ ಉಳಿಯಿತು. ಇಡೀ ಕೂಟ ಅದನ್ನು ಕೇಳಿತ್ತು. ಕಾವಾ ತಲೆಗೆ ಏರಿದವರಿಗೆ ಸೆಮಿಸಿ ಎದ್ದು ಹೋದದ್ದು ಕಂಡಿತು, ಎದ್ದು ಹೋಗಬೇಕಾದ ಇನ್ನೊಬ್ಬ ಕಾಣಲಿಲ್ಲ.

ಇದರಲ್ಲಿ ನಾನು ಸುಳ್ಳು ಹೇಳಬೇಕಾದದ್ದೇನೂ ಇರಲಿಲ್ಲ, ಅದೇ ನನಗೆ ಸಮಾಧಾನ. ಕಿತಿಯೋನೆಯ ಮಾತು ನಿಜವಾದರೆ ಅವನಿಗೆ ಸಲ್ಲಬೇಕಾದ ಗೌರವ ಸಲ್ಲಿಸಬೇಕು. ಸುಳ್ಳಾದರೆ ಅವನೇ ಹೇಳಲಿ.

ಶುಕ್ರವಾರ ಎಂದಿನಂತೆ ಕಲಸಿದೆ. ಬಾಗಿಲ ಬಳಿಯ ಜಾಗ ಖಾಲಿ ಇತ್ತು. ಕಿತಿಯೋನೆ ಅಂದು ಹೊಸ ಅಂಗಿ ತೊಟ್ಟು, ತೆಂಗಿನೆಣ್ಣೆ ಹಚ್ಚಿ ತಲೆ ಬಾಚಿಕೊಂಡು ಬಂದು ನನ್ನ ಪಕ್ಕದಲ್ಲೇ ಕೂತ. ವಿಧುರನಾದವನು ಹೇಗೆ ಮಲಗಬೇಕು, ಹಾಸಿಗೆಯ ಯಾವ ಬದಿ ತಣ್ಣಗಿರುತ್ತದೆ, ಅದನ್ನು ಬೆಚ್ಚಗೆ ಮಾಡಲು ಎಂಥ ಹೆಣ್ಣು ಬೇಕು ಎಂದು ಶುರುಮಾಡಿದ. ದಪ್ಪ ಇದ್ದರೆ ಒಳ್ಳೆಯದು, ಮಾತು ಕಡಿಮೆ ಇದ್ದರೆ ಇನ್ನೂ ಒಳ್ಳೆಯದು. ಹಾಗೆನ್ನುವಾಗ ನನ್ನ ಸೊಂಟದ ಅಳತೆಯನ್ನು ಗಾಳಿಯಲ್ಲಿ ಎರಡು ಕೈಯಿಂದ ತೋರಿಸಿದ. ಗಂಡಸರು ನಕ್ಕರು. ವಾರವಿಡೀ ಸೆಮಿಸಿಗಾಗಿ ಅಯ್ಯೋ ಪಾಪ ಎಂದವರೇ ಅವರು.

ಕಿತಿಯೋನೆ ಚಪ್ಪಾಳೆ ತಟ್ಟಿ ತನ್ನ ಕರಟ ಕೇಳಿ, ಮತ್ತೆ ಅದೇ ಅಳತೆ ತೋರಿಸತೊಡಗಿದ. ನಾನು ತುಂಬಿಸಿದೆ. ಕೊಡಲಿಲ್ಲ. ಬೋಗುಣಿಯ ಪಕ್ಕದಲ್ಲಿಟ್ಟು, ಹೆಗಲ ಬಟ್ಟೆಯನ್ನು ಕುತ್ತಿಗೆಯವರೆಗೆ ಎಳೆದುಕೊಂಡು, ಅವನಿಗೆ ಬೆನ್ನಾಗುವಂತೆ ಪಕ್ಕಕ್ಕೆ ತಿರುಗಿ ಕುಳಿತೆ.

"ತಪ್ಪಾಯ್ತು ಅಣ್ಣ," ಎಂದೆ. "ನೀನಿರೋ ಕಡೆ ನಾನು ಕೂತಿರಬಾರದಿತ್ತು."

ನಮ್ಮಲ್ಲಿ ಹೆಣ್ಣು ಸುಮ್ಮನೆ ಯಾರನ್ನೂ ಅಣ್ಣ ಎನ್ನುವುದಿಲ್ಲ. ನಗುತ್ತಿದ್ದವರ ನಗು ಅರ್ಧದಲ್ಲೇ ನಿಂತಿತು. ಕಿತಿಯೋನೆಯ ಕೈಗಳು ನನ್ನ ಸೊಂಟದ ಅಳತೆಯಲ್ಲಿಯೇ ಗಾಳಿಯಲ್ಲಿ ನಿಂತಿದ್ದವೆಂದು ಆಮೇಲೆ ಹೇಳಿದರು.

ಪೆನಿ ತಾತ ಕಿತಿಯೋನೆಯ ಕಡೆ ನೋಡುತ್ತಾ ನಿಧಾನವಾಗಿ ಬೆರಳು ಮಡಿಸಿದ. ಸೆಮಿಸಿ ತಾಯಿ, ನಿನ್ನ ತಾಯಿ, ಒಂದೇ ಹೊಟ್ಟೇಲಿ ಹುಟ್ಟಿದವರು. ಅವನ ಅಜ್ಜಿ ನಿನ್ನ ಅಜ್ಜಿ. ಆ ಅಜ್ಜಿಯ ತಂಗಿ ಇವಳ ಅಜ್ಜಿ. ಎರಡನೇ ಸಲ ಬಿಚ್ಚಿ ಮತ್ತೆ ಮಡಿಸಿದ. ಎರಡನೇ ಸಲವೂ ಅದೇ ಉತ್ತರ ಬಂತು.

"ಹೌದಲ್ಲೋ," ಎಂದ ತಾತ. "ನಿನ್ನ ತಂಗಿ ಮುಂದೆ ಇಷ್ಟು ವರ್ಷ ಏನೇನು ಮಾತಾಡಿದೀಯೋ ನೀನು?"

ಯಾರೂ ನಗಲಿಲ್ಲ. ನಗುವ ವಿಷಯ ಅದಲ್ಲ. ಕಿತಿಯೋನೆ ಏನೇನು ಮಾತಾಡಿದ್ದ ಎಂಬುದನ್ನು ಎಲ್ಲರೂ ಒಂದೊಂದಾಗಿ ನೆನಪಿಸಿಕೊಳ್ಳುತ್ತಿದ್ದರು. ಅಂಥದ್ದನ್ನು ತಂಗಿಯ ಮುಂದೆ ಆಡಿದವನು ಚರ್ಚಿನಲ್ಲಿ ಎದ್ದು ನಿಂತು ತಪ್ಪೊಪ್ಪಿಕೊಳ್ಳಬೇಕು. ಈ ತಗಡಿನ ಮನೆಯ ಕಡೆ ಮತ್ತೆ ತಲೆ ಹಾಕುವಂತಿಲ್ಲ. ಶುಕ್ರವಾರವಿಲ್ಲದ ಕಿತಿಯೋನೆ ಬಂದರಿನಲ್ಲಿ ಬಾರದ ಹಡಗಿಗೆ ಹಲ್ಲುಜ್ಜುವ ವಿಷಯ ಹೇಳಿಕೊಂಡು ಕೂರಬೇಕಿತ್ತು.

ಅವನು ಬಾಗಿಲ ಕಡೆ ನೋಡಿದ. ಎದ್ದರೆ ಮಾತು ನಿಜ, ಕೂಟ ಹೋಯಿತು. ಕೂತರೆ ಮಾತು ಸುಳ್ಳು, ಮಾನ ಹೋಯಿತು. ಮಾನವನ್ನು ಬಿಡುವುದು ಅವನಿಗೆ ಅಷ್ಟೇನೂ ಕಷ್ಟವಾಗಲಿಲ್ಲ. ಗಾಳಿಯಲ್ಲಿದ್ದ ಕೈಗಳನ್ನು ತೊಡೆಯ ಮೇಲಿಟ್ಟುಕೊಂಡ.

"ಅಮ್ಮ ಹೇಳಿದ್ದು ಬೇರೆ ಯಾರದೋ ಅಜ್ಜಿ ಇರಬೇಕು," ಎಂದ. "ವವಾವುನಲ್ಲಿ ಅಜ್ಜೀರಿಗೇನು ಕಮ್ಮಿನಾ. ಅವಳಿಗೂ ಸಾಯೋ ಕಾಲ, ನೆನಪು ಹಿಂದೆಮುಂದೆ ಆಗಿತ್ತು."

"ಬೇರೆ ಅಜ್ಜಿನಾ, ಅದೇ ಅಜ್ಜಿನಾ? ಸರಿಯಾಗಿ ಹೇಳು. ದೇವರ ಮನೆ ಗೋಡೆ ಆಚೆ ಇದೆ," ಎಂದ ತಾತ.

"ಬೇರೆ."

"ಹಂಗಾದ್ರೆ ನೀ ಹೇಳಿದ ಹಡಗು ಇವತ್ತೂ ಬರಲಿಲ್ಲ," ಎಂದು ಪೆನಿ ತಾತ ಹೇಳಿ, ತನ್ನ ಪಕ್ಕ ಕೂತವನೊಬ್ಬನನ್ನು ಸೆಮಿಸಿಯನ್ನು ಕರೆತರಲು ಕಳಿಸಿದ.

ಸತ್ತ ತಾಯಿಯ ತಲೆಗೆ ಸುಳ್ಳನ್ನು ಕಟ್ಟಿ ಕಿತಿಯೋನೆ ಬೋಗುಣಿಯ ಪಕ್ಕ ಉಳಿದುಕೊಂಡ. ನಾನು ತಿರುಗಿ ಕುಳಿತು, ತುಂಬಿಸಿಟ್ಟಿದ್ದ ಕರಟವನ್ನು ಅವನಿಗೆ ಕೊಟ್ಟೆ. ಅವನು ಒಂದೇ ಗುಟುಕಿಗೆ ಕುಡಿದ. ಅಂದು ಮೊದಲ ಸಲ ಅಂಚನ್ನು ಒರೆಸಿ ಹಿಂದಿರುಗಿಸಿದ.

ಹೆಗ್ಗೆಣಸಿನ ಕಟಾವು ಮುಗಿದ ಮೇಲೆ ನಮ್ಮ ಮದುವೆಯಾಯಿತು. ಅತ್ತೆಯ ಚಾಪೆ ಸಮಯಕ್ಕೆ ಮುಗಿಯಿತು. ಮೊಣಕಾಲಿನಿಂದ ತಳ್ಳಿದ ಕಡೆ ಹೆಣಿಗೆ ಸ್ವಲ್ಪ ಓರೆಯಾಗಿದೆ. ಮದುವೆಯ ಊಟದಲ್ಲಿ ಎದ್ದು ನಿಂತು ಎಲ್ಲರಿಗಿಂತ ಉದ್ದದ ಭಾಷಣ ಮಾಡಿದವನು ಕಿತಿಯೋನೆ. ಈ ಜೋಡಿಯ ವಂಶವನ್ನು ತಾನೇ ಕೂಲಂಕಷವಾಗಿ ವಿಚಾರಿಸಿ, ಯಾವ ದೋಷವೂ ಇಲ್ಲವೆಂದು ಎಲ್ಲರ ಮುಂದೆ ಖಚಿತಪಡಿಸಿದ ಮೇಲೆಯೇ ಮದುವೆ ನಡೆದದ್ದು ಎಂದ. ಜನ ಚಪ್ಪಾಳೆ ತಟ್ಟಿದರು. ಪೆನಿ ತಾತನೂ ತಟ್ಟಿದ.

ಮದುವೆಯಾದ ಹೆಣ್ಣು ಕಾವಾ ಕಲಸುವುದಿಲ್ಲ. ಈಗ ಅಲ್ಲಿ ಪಕ್ಕದ ಊರಿನ ಹುಡುಗಿಯೊಬ್ಬಳು ಕೂರುತ್ತಾಳೆ. ತುಂಬ ತೆಳ್ಳಗೆ ಕಲಸುತ್ತಾಳಂತೆ. ನಾನು ಮನೆಯಲ್ಲಿ ಇರುತ್ತೇನೆ. ಸೆಮಿಸಿ ದೋಣಿ ಕೆಲಸ ಮುಗಿಸಿ ಬಂದು ಕಾಲು ತೊಳೆದು ಕೂರುತ್ತಾನೆ. ಆಮೇಲೆ ಶುರುಮಾಡುತ್ತಾನೆ. ಅಕ್ಕಿ ತೊಳೆದ ನೀರನ್ನು ಯಾವ ಗಿಡಕ್ಕೆ ಹಾಕಬೇಕು. ಪೊರಕೆಯನ್ನು ತಲೆಕೆಳಗಾಗಿ ನಿಲ್ಲಿಸಬೇಕೋ ಮಲಗಿಸಬೇಕೋ. ಪಾದ್ರಿಯ ಹೆಂಡತಿ ಹಾಡುವಾಗ ಯಾಕೆ ಕುತ್ತಿಗೆ ಉದ್ದ ಮಾಡುತ್ತಾಳೆ. ನಾನು ನಿದ್ದೆಯಲ್ಲಿ ಯಾವ ಕಡೆ ಹೊರಳುತ್ತೇನೆ, ಅದು ಆರೋಗ್ಯಕ್ಕೆ ಯಾಕೆ ಒಳ್ಳೆಯದಲ್ಲ. ಅಷ್ಟು ವರ್ಷ ಬಾಗಿಲ ಬಳಿ ಸುಮ್ಮನೆ ಕೂತಿದ್ದವನು ಮಾತಿಲ್ಲದವನಲ್ಲ; ಮಾತಿಗೆ ಜಾಗ ಸಿಗದವನು.

ನಾನು ಕೇಳುತ್ತೇನೆ. ಕೇಳುವುದು ನನಗೆ ರೂಢಿ. ಊಟವಾದ ಮೇಲೆ ತಟ್ಟೆಯನ್ನು ಅವನೇ ತೊಳೆದಿಡುತ್ತಾನೆ, ಅದನ್ನೂ ಹೇಳಬೇಕು. ತೊಳೆಯುವ ಸರಿಯಾದ ಕ್ರಮವನ್ನು ವಿವರಿಸುತ್ತಲೇ ತೊಳೆಯುತ್ತಾನೆ.

ಭಾನುವಾರ ಕಿತಿಯೋನೆ ಬರುತ್ತಾನೆ. ಈಗ ನಮ್ಮ ಮನೆಯೇ ಅವನ ಊಟದ ಮನೆ. ಲೂ ಪೊಟ್ಟಣಗಳನ್ನು ಒಲೆಯಿಂದ ತೆಗೆದು ಚಾಪೆಯ ಮೇಲಿಡುತ್ತೇನೆ. ಪ್ರಾರ್ಥನೆ ಹೇಳುವಾಗಲೇ ಇಬ್ಬರ ಕಣ್ಣೂ ಅರ್ಧ ತೆರೆದಿರುತ್ತವೆ. ಆಮೆನ್ ಎನ್ನುತ್ತಿದ್ದಂತೆ ಇಬ್ಬರೂ ಪೊಟ್ಟಣ ಬಿಚ್ಚಿ, ಎಲೆ ಬದಿಗೆ ಸರಿಸಿ, ಒಂದೇ ರೀತಿ ಬೆರಳು ಬಾಗಿಸಿ ಮಾಂಸ ಹುಡುಕುತ್ತಾರೆ. ಹುಡುಕುತ್ತಾ ನಾನು ಎಲೆ ಸುತ್ತಿದ ಬಗೆಯ ಬಗ್ಗೆ ಒಬ್ಬ ಶುರುಮಾಡುತ್ತಾನೆ, ಇನ್ನೊಬ್ಬ ಮುಗಿಸುತ್ತಾನೆ.

ನನಗೂ ಸೆಮಿಸಿಗೂ ವವಾವುವಿನಲ್ಲಿ ಯಾವ ಅಜ್ಜಿ ಇದ್ದಳೋ ಇಲ್ಲವೋ ದೇವರಿಗೆ ಗೊತ್ತು. ಇವರಿಬ್ಬರ ರಕ್ತ ಒಂದೇ ಎಂಬುದರಲ್ಲಿ ಮಾತ್ರ ನನಗೆ ಯಾವ ಅನುಮಾನವೂ ಉಳಿದಿಲ್ಲ. ನಾನು ಎಲೆ ತಿನ್ನುತ್ತೇನೆ.